ಪೈ ಗಡಿಯಾರ ಮಾಡೋರೇ, ಗೋಡೆಗೆ ಹಾಕೋ ಮುಂಚೆ ಒಮ್ಮೆ ಕರೆಂಟ್ ತೆಗೆದು ನೋಡಿ

ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ತಂದು ಮನೆಯಲ್ಲೇ ಡಿಜಿಟಲ್ ಗಡಿಯಾರ ಮಾಡೋಕೆ ಹೊರಟವರು ಇದನ್ನ ಓದಿ. ನಾನು ಮಾಡಿದ ಗಡಿಯಾರ ನಮ್ಮಪ್ಪನ ರೈಲು ತಪ್ಪಿಸಿತು.

ಡ್ರಾಯರ್‌ನಲ್ಲಿ ಬಿದ್ದಿದ್ದ ಹಳೇ ಪೈ 3, ಸನ್‌ಬೋರ್ಡ್ ಕತ್ತರಿಸಿ ಮಾಡಿದ ಚೌಕಟ್ಟು, ಮುಂದೆ ಟ್ರೇಸಿಂಗ್ ಪೇಪರ್, ಒಳಗೆ 58 ಎಲ್‌ಇಡಿ. ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದವರೆಲ್ಲ ಅದನ್ನೇ ನೋಡ್ತಿದ್ದರು. ಹಳೇ ಮುಳ್ಳಿನ ಗಡಿಯಾರ ಅಟ್ಟ ಸೇರ್ತು. "ಇಂಟರ್ನೆಟ್ಟಿಂದ ಟೈಮ್ ತಗೊಳ್ಳುತ್ತೆ ಅಪ್ಪಾಜಿ, ಸೆಕೆಂಡೂ ತಪ್ಪಲ್ಲ" ಅಂತ ಜಂಬ ಬೇರೆ ಕೊಚ್ಚಿದ್ದೆ.

ಏಪ್ರಿಲ್‌ನ ಒಂದು ರಾತ್ರಿ ಗುಡುಗು ಮಳೆ, ಕರೆಂಟ್ ಹೋಯ್ತು, ಬಂತು. ವೈಫೈ ಡಬ್ಬಿಯ ಅಡಾಪ್ಟರ್ ಸುಟ್ಟಿದ್ದು ಯಾರಿಗೂ ಗೊತ್ತಾಗಲಿಲ್ಲ. ಬೆಳಗ್ಗೆ ಗೋಡೆ ಮೇಲೆ 5:10. ಅಪ್ಪಾಜಿ ಕಣ್ಣಿನ ಆಸ್ಪತ್ರೆಗೆ ಬೆಂಗಳೂರಿಗೆ ಹೋಗಬೇಕಿತ್ತು. ನಿಧಾನಕ್ಕೆ ಸ್ನಾನ ಮಾಡಿ, ಮಂಡಕ್ಕಿ ಒಗ್ಗರಣೆ ತಿಂದು ಹೊರಟರು. ಸ್ಟೇಷನ್‌ನಲ್ಲಿ ಪ್ಲಾಟ್‌ಫಾರ್ಮ್ ಖಾಲಿ. "ನಿನ್ನ ಗಡಿಯಾರ ನೋಡೇ ಹೊಂಟಿದ್ನಲ್ಲೋ" ಅಂತ ಫೋನ್‌ನಲ್ಲಿ ಅಂದದ್ದು ಅಷ್ಟೇ. ನಿಜವಾದ ಟೈಮಿಗಿಂತ ಅದು 50 ನಿಮಿಷ ಹಿಂದಿತ್ತು.

ಕಾರಣ ಇಷ್ಟು. ಪೈ 3ರಲ್ಲಿ ಕರೆಂಟ್ ಇಲ್ಲದಾಗಲೂ ಟೈಮ್ ಎಣಿಸುವ, ಸೆಲ್ ಇರೋ ಗಡಿಯಾರ ಇಲ್ಲ. ಆಗಾಗ ಸಮಯವನ್ನ ಮೆಮೊರಿ ಕಾರ್ಡ್‌ನಲ್ಲಿ ಬರೆದಿಟ್ಟುಕೊಳ್ಳುತ್ತೆ. ನೆಟ್ ಸಿಗದಿದ್ದರೆ ಕೊನೆಗೆ ಬರೆದಿಟ್ಟ ಕಡೆಯಿಂದಲೇ ಎಣಿಕೆ ಶುರು. ಮುಳ್ಳಿನ ಗಡಿಯಾರ ಕೆಟ್ಟರೆ ನಿಲ್ಲುತ್ತೆ, ನೋಡಿದವರಿಗೆ ಗೊತ್ತಾಗುತ್ತೆ. ಇದು ಸುಳ್ಳು ಟೈಮನ್ನೇ ಮಿನುಗಿಸ್ತಾ ಓಡ್ತಿರುತ್ತೆ.

ಪರಿಹಾರ ಡಿಎಸ್3231 ಅನ್ನೋ, ಕರೆಂಟ್ ಹೋದರೂ ಸೆಲ್‌ನಿಂದ ಟೈಮ್ ಎಣಿಸೋ ಚಿಕ್ಕ ಮಾಡ್ಯೂಲ್. ಮನೆಯೊಳಗೆ ವರ್ಷಕ್ಕೆ ಒಂದು ನಿಮಿಷದಷ್ಟೇ ಆಚೀಚೆ. ಅದರಲ್ಲೂ ನಾನು ಎಡವಿದೆ. ಅಗ್ಗಕ್ಕೆ ಸಿಗೋ ನೀಲಿ ಬೋರ್ಡ್‌ನಲ್ಲಿ ಸೆಲ್ ಚಾರ್ಜ್ ಮಾಡೋ ಸರ್ಕ್ಯೂಟ್ ಇರುತ್ತೆ. ಅದು ಎಲ್‌ಐಆರ್2032 ಅನ್ನೋ ರೀಚಾರ್ಜ್ ಸೆಲ್‌ಗೆ ಮಾಡಿದ್ದು. ನಾನು ಅಂಗಡಿಯಲ್ಲಿ ಸಿಗೋ ಮಾಮೂಲಿ ಸಿಆರ್2032 ಹಾಕಿ 5 ವೋಲ್ಟ್ ಕೊಟ್ಟೆ. ಮೂರು ವಾರಕ್ಕೆ ತೆಗೆದು ನೋಡಿದರೆ ಸೆಲ್ ಹಪ್ಪಳದ ಹಾಗೆ ಉಬ್ಬಿತ್ತು, ಸನ್‌ಬೋರ್ಡ್ ಗೂಡಿನೊಳಗೆ, ಕಾಗದದ ಹಿಂದೆ! ಮಾಮೂಲಿ ಸೆಲ್ ಹಾಕೋದಾದರೆ 201 ಅಂತ ಬರೆದಿರೋ ರೆಸಿಸ್ಟರ್ ಕಿತ್ತು ಹಾಕಿ. ಕರೆಂಟನ್ನ ಪೈಯ 3.3 ವೋಲ್ಟ್ ಪಿನ್‌ನಿಂದಲೇ ಕೊಡಿ, 5 ವೋಲ್ಟ್ ಪೈಯ ಪಿನ್‌ಗಳಿಗೂ ಅಪಾಯ. ಹೊಸ ಮಾದರಿ ಪೈ 5ರಲ್ಲಿ ಇಂಥ ಗಡಿಯಾರ ಒಳಗೇ ಇದೆ, ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು.

ಇನ್ನೊಂದು. ಒಳಗೆ ಹಾಕಿದ ಬಣ್ಣ ಬದಲಿಸೋ ಎಲ್‌ಇಡಿ ಪೂರ್ತಿ ಬಿಳಿಗೆ ಉರಿದರೆ ಒಂದೊಂದೂ ಸುಮಾರು 60 ಮಿಲಿಆಂಪ್ ಎಳೆಯುತ್ತೆ. 58ಕ್ಕೆ ಲೆಕ್ಕ ಹಾಕಿ, ಮೂರೂವರೆ ಆಂಪ್. ನಾನು ಕೊಟ್ಟಿದ್ದು 2 ಆಂಪ್‌ನ ಮೊಬೈಲ್ ಚಾರ್ಜರ್. ಅದಕ್ಕೇ ಈಗ ಬರೀ ಕೆಂಪು, ಅದೂ ಮಂದ ಬೆಳಕು.

ಅಂದಹಾಗೆ ಕರೆಂಟ್ ಹಠಾತ್ ಹೋದಾಗ ಮೆಮೊರಿ ಕಾರ್ಡೂ ಕೆಡಬಹುದು. ನನ್ನದು ಒಂದು ಹೋಯ್ತು.

ಗೋಡೆಗೆ ಹಾಕೋ ಮುಂಚೆ ವೈಫೈ ಆಫ್ ಮಾಡಿ, ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಟೈಮ್ ಸರಿ ತೋರಿಸಿದರೆ ಮಾತ್ರ ಮೊಳೆ ಹೊಡೀರಿ. ನಮ್ಮನೆಯಲ್ಲಿ ಈಗ ಎರಡೂ ಅಕ್ಕಪಕ್ಕ ಇವೆ. ಅಪ್ಪಾಜಿ ನೋಡೋದು ಮುಳ್ಳಿನದನ್ನೇ.