ದುಡ್ಡು ಮಧ್ಯದಲ್ಲಿ ಸಿಕ್ಕಾಕೊಂಡ್ರೆ? ಎಥೀರಿಯಂ, ಟ್ರಾನ್, ಸೊಲಾನಾ, ಲೈಟ್ನಿಂಗ್ ನಾಲ್ಕೂ ಕ್ರಿಪ್ಟೋ ನೆಟ್‌ವರ್ಕ್ ಟ್ರೈ ಮಾಡಿ ನೋಡಿದ್ದು

ಎರಡು ಫೋನು, ಎರಡೂ ನಂದೇ, ಒಂದರಿಂದ ಇನ್ನೊಂದಕ್ಕೆ ಐದು ಹತ್ತು ಡಾಲರ್ ಯುಎಸ್‌ಡಿಟಿ (ಡಾಲರಿಗೆ ಸಮ ಇರೋ ಹಾಗೆ ಮಾಡಿರೋ ಕ್ರಿಪ್ಟೋ ದುಡ್ಡು) ಕಳಿಸ್ತಾ ಒಂದು ತಿಂಗಳು ಕೂತಿದ್ದೆ. ಮನೇಲಿ ತಲೆ ಕೆಟ್ಟಿದೆ ಅಂದ್ರು, ಇರ್ಲಿ. ಸ್ಪೀಡ್ ಬಗ್ಗೆ ಎಲ್ರೂ ಹೇಳ್ತಾರೆ. ಯುಪಿಐನಲ್ಲಿ ನಮ್ಮ ಅಕೌಂಟಿಂದ ಕಟ್ ಆಗಿ ಅಂಗಡಿಯವರಿಗೆ ಬರದೇ ಇದ್ದಾಗ ಇಬ್ರೂ ಮುಖ ಮುಖ ನೋಡ್ಕೊಂಡು ನಿಲ್ತೀವಲ್ಲ, ಅಂಥ ಹೊತ್ತಲ್ಲಿ ಇವು ಏನ್ ಮಾಡ್ತವೆ ಅನ್ನೋದೇ ನನಗೆ ಬೇಕಿತ್ತು.

ಎಥೀರಿಯಂ: 12 ಸೆಕೆಂಡಿಗೊಂದು ಬ್ಲಾಕು (ಟ್ರಾನ್ಸಾಕ್ಷನ್‌ಗಳ ಒಂದು ಕಂತೆ), ಆದ್ರೆ ಇನ್ನು ಹಿಂದೆ ಹೋಗಲ್ಲ ಅಂತ ಪಕ್ಕಾ ಆಗಕ್ಕೆ ಹೆಚ್ಚುಕಮ್ಮಿ 13 ನಿಮಿಷ. ನಾನು ಜಿಪುಣತನ ಮಾಡಿ ಗ್ಯಾಸ್ ಫೀ (ನೆಟ್‌ವರ್ಕಿಗೆ ಕೊಡೋ ಚಾರ್ಜು) ತೀರಾ ಕಮ್ಮಿ ಇಟ್ಟು ರಾತ್ರಿ ಒಂದು ಕಳಿಸಿದೆ, ಪೆಂಡಿಂಗ್. ಸರಿ ಅಂತ ಸರಿಯಾದ ಫೀ ಕೊಟ್ಟು ಇನ್ನೊಂದು ಕಳಿಸಿದೆ, ಅದೂ ಪೆಂಡಿಂಗ್! ಆಮೇಲೆ ಗೊತ್ತಾಯ್ತು, ಪ್ರತಿ ಟ್ರಾನ್ಸಾಕ್ಷನ್‌ಗೂ ನಾನ್ಸ್ ಅಂತ ಸೀರಿಯಲ್ ನಂಬರ್ ಇರುತ್ತೆ, 41 ಹೋಗೋವರ್ಗೂ 42 ಹೋಗಲ್ಲ, ರೇಷನ್ ಅಂಗಡಿ ಕ್ಯೂ ಥರ. ಬೆಳಿಗ್ಗೆ ಎದ್ದು ಅದೇ 41ಕ್ಕೆ ಫೀ ಏರಿಸಿ ಮತ್ತೆ ಕಳಿಸಿದ್ಮೇಲೆ ಎರಡೂ ಒಂದರ ಹಿಂದೆ ಒಂದು ಹೋದ್ವು. ಇದು ಗೊತ್ತಿಲ್ಲದವರಿಗೆ ದುಡ್ಡು ಹೋಯ್ತು ಅಂತಾನೇ ಅನ್ಸುತ್ತೆ.

ಟ್ರಾನ್: 3 ಸೆಕೆಂಡಿಗೆ ಬ್ಲಾಕು, ಕಿರಿಕಿರಿ ಕಮ್ಮಿ. ಆದ್ರೆ ಫೀಗೆ ಟ್ರಾನ್‌ನ ಸ್ವಂತ ಕಾಯಿನ್ ಟಿಆರ್‌ಎಕ್ಸೇ ಬೇಕು. ವಾಲೆಟ್ ತುಂಬ ಯುಎಸ್‌ಡಿಟಿ ಇದ್ರೂ ಅದಿಲ್ಲ ಅಂದ್ರೆ 500ರ ನೋಟು ಹಿಡ್ಕೊಂಡು ಬಸ್ಸಲ್ಲಿ ಕಂಡಕ್ಟರ್ ಹತ್ರ ಬೈಸ್ಕೊಂಡಂಗೆ. ಯುಎಸ್‌ಡಿಟಿ ಸೊನ್ನೆ ಇರೋ ಅಡ್ರೆಸ್‌ಗೆ ಕಳಿಸಿದ್ರಂತೂ ಎನರ್ಜಿ (ಅಲ್ಲಿ ಫೀ ಅಳೆಯೋ ಲೆಕ್ಕ) ಹತ್ತತ್ರ ಡಬಲ್ ತಿನ್ನುತ್ತೆ, ಮೊದಲನೇ ಸಲ ಕಳಿಸಿ ನಾನೂ ಬೆಚ್ಚಿಬಿದ್ದೆ.

ಸೊಲಾನಾ ಫೀ ಪೈಸೆ ಲೆಕ್ಕ. ನಂಗೆ ಇಷ್ಟ ಆಗಿದ್ದು ಬೇರೆ: ಪ್ರತಿ ಟ್ರಾನ್ಸಾಕ್ಷನ್‌ಗೂ ಒಂದು ಇತ್ತೀಚಿನ ಬ್ಲಾಕ್‌ಹ್ಯಾಶ್ (ಆ ಬ್ಲಾಕಿನ ಗುರುತಿನ ಕೋಡು) ಅಂಟಿಸಿರ್ತಾರೆ, 150 ಬ್ಲಾಕ್ ದಾಟಿದ್ರೆ ಅದು ಎಕ್ಸ್‌ಪೈರ್, ಅಂದ್ರೆ ಒಂದು ಒಂದೂವರೆ ನಿಮಿಷದಲ್ಲಿ ಹೋಯ್ತು ಇಲ್ಲಾ ಇಲ್ಲ, ರಾತ್ರಿಯೆಲ್ಲ ನೇತಾಡೋದಿಲ್ಲ. ಆದ್ರೆ ನೆಟ್‌ವರ್ಕೇ ಮಲಗಿಬಿಟ್ರೆ? 2021ರ ಸೆಪ್ಟೆಂಬರಲ್ಲಿ ಸುಮಾರು 17 ಗಂಟೆ, 2024ರ ಫೆಬ್ರವರಿಯಲ್ಲಿ ಸುಮಾರು 5 ಗಂಟೆ ನಿಂತೇ ಹೋಗಿತ್ತು. ನನ್ನ ತಿಂಗಳಲ್ಲಿ ನಿಲ್ಲಲಿಲ್ಲ, ಹಂಗಂತ ಒಂದು ತಿಂಗಳು ನೋಡಿ ಸರ್ಟಿಫಿಕೇಟ್ ಕೊಡಕ್ಕಾಗುತ್ತಾ.

ಲೈಟ್ನಿಂಗ್ ಬಿಟ್‌ಕಾಯಿನ್ ಮೇಲೆ ಓಡೋದು, ಹಂಗಾಗಿ ಇಲ್ಲಿ ಯುಎಸ್‌ಡಿಟಿ ಬಿಟ್ಟು ಸಾಟೋಷಿ (ಬಿಟ್‌ಕಾಯಿನ್‌ನ ಪುಟ್ಟ ಚಿಲ್ಲರೆ) ಲೆಕ್ಕದಲ್ಲಿ ಕಳಿಸಿದೆ. ಹೋದ್ರೆ ಕಣ್ಣು ಮಿಟುಕಿಸೋದ್ರಲ್ಲಿ. ಆದ್ರೆ ಎರಡನೇ ಫೋನಲ್ಲಿ ಆ್ಯಪ್ ಮುಚ್ಚಿದ್ರೆ ಫೇಲ್, ದಾರೀಲಿರೋ ಚಾನೆಲಲ್ಲಿ (ದುಡ್ಡು ದಾಟಿಸೋಕೆ ಇಬ್ಬರ ಮಧ್ಯೆ ಇರೋ ಕೊಂಡಿ) ಸಾಕಷ್ಟು ದುಡ್ಡಿಲ್ಲ ಅಂದ್ರೆ ಫೇಲ್. ಒಳ್ಳೇದೇನಂದ್ರೆ ಫೇಲ್ ಆದ ಪ್ರತಿ ಸಲವೂ ಪೂರ್ತಿ ವಾಪಸ್ ಬಂತು, ಅರ್ಧಂಬರ್ಧ ಅನ್ನೋದೇ ಇಲ್ಲ. ದೊಡ್ಡ ಮೊತ್ತಕ್ಕೆ ನಾನಂತೂ ಮುಟ್ಟಲ್ಲ.

ಈಗ ಸೊಲಾನಾ ಇಟ್ಕೊಂಡಿದೀನಿ, ಅದು ಮಲಗಿದ್ರೆ ಬೇಕಾಗುತ್ತೆ ಅಂತ ಟ್ರಾನ್ ವಾಲೆಟಲ್ಲಿ ಒಂದಿಷ್ಟು ಟಿಆರ್‌ಎಕ್ಸ್ ಯಾವಾಗ್ಲೂ ಹಾಕಿಟ್ಟಿರ್ತೀನಿ.