ಎಐ ಬ್ರೌಸರ್‌ಗೂ ಆ್ಯಡ್ ಬ್ಲಾಕರ್ ಬೇಕಾ? ಯುಬ್ಲಾಕ್ ಒರಿಜಿನ್ ಲೈಟ್ ಹಾಕಿ ನೋಡಿದೆ

ಬದಿಯಡ್ಕದ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದ ಕೂಡಲೇ ಅಪ್ಪ ಕೇಳುವುದು ಒಂದೇ, ಇವತ್ತು ಅಡಿಕೆಗೆ ಎಷ್ಟು? ಧಾರಣೆ ಹಾಕುವ ಸೈಟ್‌ಗಳಲ್ಲಿ ಜಾಹೀರಾತಿನ ಕಾಟ ಎಷ್ಟಂತ ಗೊತ್ತಲ್ವಾ. ಹಾಗಾಗಿ ಎಐ ಬ್ರೌಸರ್, ಅಂದರೆ ಒಳಗೇ ಎಐ ಸಹಾಯಕ ಇರುವ ಬ್ರೌಸರ್, ಹಾಕಿದಾಗ ಖುಷಿಯಾಗಿತ್ತು. ಪುಟವನ್ನು ಅದೇ ಓದಿ ಹೇಳುತ್ತದೆ, ಇನ್ನು ಬ್ಲಾಕರ್ ಯಾಕೆ ಅಂದುಕೊಂಡೆ.

ಮೊದಲ ವಾರವೇ ಎಡವಟ್ಟಾಯಿತು. ಹೊಸ ಚಾಲಿಯ (ಬಿಸಿಲಿಗೆ ಒಣಗಿಸಿ ಸುಲಿದ ಬಿಳಿ ಅಡಿಕೆ) ದರ ಕೇಳಿದರೆ ಅದು ಹೇಳಿದ್ದು ಶಿವಮೊಗ್ಗ ಕಡೆಯ ರಾಶಿ ಅಡಿಕೆಯ ದರ! ಪುಟದ ಕೆಳಗೆ ಹೋಗಿ ನೋಡಿದೆ. ಸ್ಪಾನ್ಸರ್ಡ್ ಅಂತ ಸಣ್ಣಕ್ಷರದಲ್ಲಿದ್ದ ಒಂದು ಪೆಟ್ಟಿಗೆಯಲ್ಲಿ ಆ ಸಂಖ್ಯೆ ಇತ್ತು. ನಾವಾದರೆ ಅದನ್ನು ದಾಟಿ ಹೋಗುತ್ತೇವೆ, ಎಐ ಅದನ್ನೂ ಓದಿ ಸುದ್ದಿಯ ಜೊತೆ ಬೆರೆಸಿತ್ತು. ಈಗ ಕೊಡುವುದಾ, ಇನ್ನೊಂದು ತಿಂಗಳು ಇಟ್ಟುಕೊಳ್ಳುವುದಾ ಅಂತ ಅಪ್ಪ ಯೋಚಿಸುವುದು ಇದೇ ದರ ನೋಡಿ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅವತ್ತೇ ಯುಬ್ಲಾಕ್ ಒರಿಜಿನ್ ಲೈಟ್ ಹಾಕಿದೆ. ಇದು ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ. ಕಾಮೆಟ್, ಅಟ್ಲಾಸ್, ಡಿಯಾ ಅನ್ನುವ ಎಐ ಬ್ರೌಸರ್‌ಗಳೆಲ್ಲವೂ ಗೂಗಲ್ ಕ್ರೋಮ್‌ಗೂ ತಳಹದಿಯಾದ ಕ್ರೋಮಿಯಂ ಮೇಲೆಯೇ ಕಟ್ಟಿದವು, ಕ್ರೋಮ್‌ನ ಎಕ್ಸ್‌ಟೆನ್ಶನ್‌ಗಳೇ ಇವಕ್ಕೂ ನಡೆಯುತ್ತವೆ. ಹಳೆಯ ಯುಬ್ಲಾಕ್ ಒರಿಜಿನ್ ಇನ್ನೂ ಗಟ್ಟಿ. ಆದರೆ ಗೂಗಲ್ ಮ್ಯಾನಿಫೆಸ್ಟ್ ವಿ3 ಅನ್ನುವ ಎಕ್ಸ್‌ಟೆನ್ಶನ್‌ಗಳ ಹೊಸ ನಿಯಮ ಕಡ್ಡಾಯ ಮಾಡಿದ ಮೇಲೆ, 2025ರಲ್ಲಿ ಅದು ಕ್ರೋಮ್‌ನಲ್ಲಿ ನಿಂತೇ ಹೋಯಿತು. ಲೈಟ್ ಕೂಡ ಹಳೆಯದನ್ನು ಮಾಡಿದ ರೇಮಂಡ್ ಹಿಲ್ ಅವರದ್ದೇ. ಇದು ಯಾವುದನ್ನು ತಡೆಯಬೇಕು ಅನ್ನುವ ಪಟ್ಟಿಯನ್ನು ಮೊದಲೇ ಬ್ರೌಸರ್ ಕೈಗೆ ಕೊಟ್ಟುಬಿಡುತ್ತದೆ, ತಡೆಯುವ ಕೆಲಸ ಬ್ರೌಸರ್‌ದ್ದೇ. ತಡೆಯುವ ಮಟ್ಟವನ್ನು ಬೇಸಿಕ್‌ನಲ್ಲಿ ಇಟ್ಟರೆ ನಾವು ನೋಡುವ ಪುಟಗಳನ್ನು ಓದಲು ಅನುಮತಿಯೂ ಬೇಡ. ನನಗೆ ತುಂಬ ಹಿಡಿಸಿದ್ದು ಇದೇ. ಮೊದಲೇ ಒಂದು ಎಐ ಎಲ್ಲವನ್ನೂ ನೋಡುತ್ತಾ ಕೂತಿರುವಾಗ, ಇನ್ನೊಂದು ಎಕ್ಸ್‌ಟೆನ್ಶನ್‌ಗೂ ಸುಮ್ನೆ ಬಾಗಿಲು ತೆರೆದು ಕೊಡುವುದು ಯಾಕೆ? ಕೂಪನ್ ಹುಡುಕುವುದು, ಸ್ಕ್ರೀನ್‌ಶಾಟ್ ತೆಗೆಯುವುದು ಅಂತ ಹಾಕಿಟ್ಟಿದ್ದ ನಾಲ್ಕು ಎಕ್ಸ್‌ಟೆನ್ಶನ್‌ಗಳನ್ನು ಅವತ್ತೇ ತೆಗೆದೆ.

ಲೈಟ್ ಹಾಕಿದ ಮೇಲೆ ಆ ಸ್ಪಾನ್ಸರ್ಡ್ ಪೆಟ್ಟಿಗೆ ಲೋಡ್ ಆಗಲೇ ಇಲ್ಲ. ಚಾಲಿ, ಪಟೋರ, ಕರಿಗೋಟು, ಮೂರೂ ಬಗೆಯ ಅಡಿಕೆಯ ದರ ಸರಿಯಾಗಿ ಬಂದವು. ಮಳೆಗೆ ನೆಟ್ ನಿಧಾನ ಆದಾಗಲೂ ಪುಟ ಬೇಗ ತೆರೆಯುತ್ತದೆ. ಕೊರತೆ ಇಲ್ಲ ಅಂತಲ್ಲ. ಎಕ್ಸ್‌ಟೆನ್ಶನ್ ಅಪ್‌ಡೇಟ್ ಆದಾಗ ಮಾತ್ರ ಪಟ್ಟಿ ಹೊಸದಾಗುತ್ತದೆ, ಅದಕ್ಕೇ ಕೆಲವು ಹೊಸ ಜಾಹೀರಾತು ನುಸುಳುತ್ತವೆ. ಯಾವುದಾದರೂ ಫಾರ್ಮ್ ತೆರೆಯದಿದ್ದರೆ ಆ ಸೈಟ್‌ಗೆ ಮಾತ್ರ ಆಫ್ ಮಾಡಬಹುದು.

ಒಂದು ವಿಷಯದಲ್ಲಿ ಮಾತ್ರ ಯಾವ ಬ್ಲಾಕರನ್ನೂ ನೆಚ್ಚಿಕೊಳ್ಳಬೇಡಿ. 2025ರ ಆಗಸ್ಟ್‌ನಲ್ಲಿ ಬ್ರೇವ್ ಅನ್ನುವ ಇನ್ನೊಂದು ಬ್ರೌಸರ್‌ನವರು ಕಾಮೆಟ್‌ನ ಒಂದು ದೋಷ ತೋರಿಸಿದರು. ರೆಡ್ಡಿಟ್ ಕಾಮೆಂಟ್ ಒಳಗೆ ಮರೆಮಾಡಿದ್ದ ಸೂಚನೆಯನ್ನು, ಪುಟದ ಸಾರಾಂಶ ಕೇಳಿದಾಗ ಎಐ ತನಗೆ ಕೊಟ್ಟ ಅಪ್ಪಣೆ ಅಂದುಕೊಂಡು ಪಾಲಿಸುತ್ತಿತ್ತು. ಅದು ಜಾಹೀರಾತು ಅಲ್ಲ, ಪುಟದ ಬರಹವೇ. ಬ್ಲಾಕರ್ ಅದನ್ನು ಹಿಡಿಯುವುದಿಲ್ಲ. ಬ್ಯಾಂಕ್, ಮೇಲ್ ಎಲ್ಲ ನಾನು ಫೈರ್‌ಫಾಕ್ಸ್‌ನಲ್ಲೇ ನೋಡುವುದು, ಎಐ ಬ್ರೌಸರ್‌ನಲ್ಲಿ ಲಾಗಿನ್ ಆಗುವುದೇ ಇಲ್ಲ. ಫೈರ್‌ಫಾಕ್ಸ್‌ನಲ್ಲಿ ಹಳೆಯ ಯುಬ್ಲಾಕ್ ಒರಿಜಿನ್ ಈಗಲೂ ನಡೆಯುತ್ತದೆ, ಆಂಡ್ರಾಯ್ಡ್ ಫೋನಿನಲ್ಲೂ. ಅಪ್ಪನ ಫೋನಿಗೂ ಅದನ್ನೇ ಹಾಕಿ ಕೊಟ್ಟಿದ್ದೇನೆ, ಈಗ ದರ ಅವರೇ ನೋಡಿಕೊಳ್ಳುತ್ತಾರೆ.