ಜಪಾನಿ ಮೇಪಲ್ ಬೋನ್ಸಾಯ್ ಕಿಟ್: ಬಳ್ಳಾರಿಯವರು ತರಿಸುವ ಮುಂಚೆ ಓದಿ

ಆನ್‌ಲೈನ್‌ನಲ್ಲಿ ತರಿಸಿದ ಈ ಕಿಟ್‌ನಲ್ಲಿ ನೆಡುವ ಮೇಪಲ್ ಕಡ್ಡಿಗಳು, ಐಬಿಎ (ಬೇರು ಬರಿಸುವ ಹಾರ್ಮೋನು) ಪುಡಿ, ಪರ್ಲೈಟ್ (ಹಗುರವಾದ ಬಿಳಿ ಹರಳು), ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಟ್ರೇ, ಮುಚ್ಚಳ ಇವೆ. ಸಾಮಾನಿಗೆ ನನ್ನ ಅಂಕ ಐದಕ್ಕೆ ಮೂರು, ಕಡ್ಡಿಗೆ ಸೊನ್ನೆ. ಮೇಪಲ್‌ಗೆ ಅದೇ ವರ್ಷದ ಅರೆಬಲಿತ ಚಿಗುರು ಬೇಕು, 10ರಿಂದ 15 ಸೆಂ.ಮೀ. ಉದ್ದ, ಕತ್ತರಿಸಿದ ಕೂಡಲೇ ನೆಡಬೇಕು. ಕೊರಿಯರ್‌ನಲ್ಲಿ ಬಾಡಿ ಬುಡ ಕಪ್ಪಾದ ಕಡ್ಡಿಗೆ ಯಾವ ಪುಡಿಯೂ ಜೀವ ಕೊಡದು.

ಬೇರು ಬಂದರೂ ಕಷ್ಟ ಮುಗಿಯದು. ಈ ಮರಕ್ಕೆ ಚಳಿಗಾಲದಲ್ಲಿ ವಾರಗಟ್ಟಲೆ 7 ಡಿಗ್ರಿಗಿಂತ ಕೆಳಗಿನ ತಂಪು ಬೇಕು. ಬಳ್ಳಾರಿಯಲ್ಲಿ ಅದೆಲ್ಲಿ? ಏಪ್ರಿಲ್‌ನಲ್ಲಿ 40 ದಾಟಿದರೆ ಎಲೆಯಂಚು ಸುಟ್ಟು ಸುರುಟುತ್ತದೆ. ಬೋರ್‌ವೆಲ್‌ನ ಗಡಸು ನೀರು ಹಾಕುತ್ತಾ ಹೋದರೆ ಎಲೆಯ ನರ ಹಸಿರು, ನಡುವೆಲ್ಲ ಹಳದಿ. ಬೇರು ಕಬ್ಬಿಣ ಹೀರುತ್ತಿಲ್ಲ ಎಂದರ್ಥ.

ಮಿಕ್ಕ ಸಾಮಾನನ್ನು ಬಸರಿಗೋ ಕಾಗದದ ಹೂವಿಗೋ ಬಳಸಿ, ಜುಲೈ-ಆಗಸ್ಟ್‌ನಲ್ಲಿ. ಪೆನ್ಸಿಲ್ ದಪ್ಪದ ಕಡ್ಡಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕೊಯ್ದು, ಪುಡಿ ಮುಟ್ಟಿಸಿ, ಹೆಚ್ಚಿದ್ದನ್ನು ಕೊಡವಿ. ಟ್ರೇಯ ಮಿಶ್ರಣದಲ್ಲಿ ಮೊದಲೇ ತೂತು ಮಾಡಿ ಕಡ್ಡಿ ಇಳಿಸಿ, ಇಲ್ಲದಿದ್ದರೆ ಪುಡಿಯೆಲ್ಲ ಮೇಲೇ ಒರೆಸಿ ಹೋಗುತ್ತದೆ. ಮುಚ್ಚಳ ದಿನಕ್ಕೊಮ್ಮೆ ತೆಗೆಯದಿದ್ದರೆ ಬೂಷ್ಟು ಗ್ಯಾರಂಟಿ. ಎರೆ ಮಣ್ಣು ಮಾತ್ರ ಟ್ರೇಗೆ ಬೇಡವೇ ಬೇಡ. ಒಣಗಿ ಬಿರಿದಾಗ ಎಳೆ ಬೇರು ಹರಿಯುತ್ತದೆ.